ಬಿಲದ ಬಾಗಿಲಲ್ಲಿ ಬೆಕ್ಕು: ದ್ವೀಪದ ಹಕ್ಕಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯ ಕಡಲಹಕ್ಕಿ ಲೇಖನದಲ್ಲಿ ‘ದ್ವೀಪದಿಂದ ಬೆಕ್ಕುಗಳನ್ನು ತೆಗೆದ ಮೇಲೆ ಹಕ್ಕಿಗಳು ಮರಳಿದವು’ ಎಂಬ ಒಂದು ಸಾಲಿತ್ತು. ಇಡೀ ಲೇಖನಕ್ಕಿಂತ ಆ ಒಂದು ಸಾಲಿಗೇ ಹೆಚ್ಚು ಪತ್ರಗಳು ಬಂದಿವೆ. ಕೆಲವರಿಗೆ ಸಿಟ್ಟು, ಕೆಲವರಿಗೆ ಅನುಮಾನ, ಮನೆಯಲ್ಲಿ ಬೆಕ್ಕು ಸಾಕಿದವರಿಗೆ ಸಂಕಟ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಬೆಕ್ಕು ಎಲ್ಲಿದ್ದರೂ ಹಕ್ಕಿ ಹಿಡಿಯುತ್ತದೆ. ಅದು ಅದರ ಹುಟ್ಟುಗುಣ. ದ್ವೀಪದ ಬೆಕ್ಕಿನ ಮೇಲೆ ಮಾತ್ರ ಯಾಕಿಷ್ಟು ದೂರು?

ಬೆಕ್ಕು ಎರಡೂ ಕಡೆ ಒಂದೇ. ಹಕ್ಕಿ ಒಂದೇ ಅಲ್ಲ. ದೊಡ್ಡ ಭೂಭಾಗದ ಹಕ್ಕಿಗಳು ನರಿ, ಮುಂಗುಸಿ, ಕಾಡುಬೆಕ್ಕುಗಳ ಜೊತೆ ಲಕ್ಷಾಂತರ ವರ್ಷ ಬದುಕಿವೆ. ಎತ್ತರದಲ್ಲಿ ಗೂಡು ಕಟ್ಟುವುದು, ಕೂಗಿ ಎಚ್ಚರಿಸುವುದು, ಪೊದೆ ಅಲುಗಿದರೆ ಹಾರುವುದು, ಇವೆಲ್ಲ ಅವಕ್ಕೆ ರಕ್ತಗತ. ನಡುಗಡಲಿನ ದ್ವೀಪಗಳಿಗೆ ತಾವಾಗಿ ತಲುಪಿದ ಸ್ತನಿಗಳು ಬಹುಮಟ್ಟಿಗೆ ಬಾವಲಿ ಮತ್ತು ಸೀಲ್. ಅಲ್ಲಿನ ಹಕ್ಕಿಗಳಿಗೆ ನಾಲ್ಕು ಕಾಲಿನ ಬೇಟೆಗಾರನ ಪರಿಚಯವೇ ಇಲ್ಲ. ಅವು ನೆಲದಲ್ಲೇ ಮೊಟ್ಟೆ ಇಡುತ್ತವೆ, ಮಣ್ಣಿನಲ್ಲಿ ಬಿಲ ತೋಡಿ ಮರಿ ಮಾಡುತ್ತವೆ. ಕೆಲವು ಹಾರುವುದನ್ನೇ ಬಿಟ್ಟುಬಿಟ್ಟಿವೆ.

ಪೆಟ್ರೆಲ್ ಜಾತಿಯ ಕಡಲಹಕ್ಕಿಗಳನ್ನೇ ನೋಡಿ. ಗಾಳಿಯಲ್ಲಿ ಅವುಗಳ ಸಮ ಇನ್ನೊಂದಿಲ್ಲ, ನೆಲದ ಮೇಲೆ ಮಾತ್ರ ಅಸಹಾಯಕ. ಕಾಲು ಹಿಂದಕ್ಕಿರುವುದರಿಂದ ಸರಿಯಾಗಿ ನಿಲ್ಲಲೂ ಆಗದು; ಎದೆಯನ್ನು ನೆಲಕ್ಕೆ ಒತ್ತಿ ತೆವಳಿದಂತೆ ನಡೆಯುತ್ತವೆ. ಹಗಲಲ್ಲಿ ಬೇಟೆಹಕ್ಕಿಗಳ ಭಯಕ್ಕೆ ಕತ್ತಲಾದ ಮೇಲೆಯೇ ಬಂದಿಳಿಯುತ್ತವೆ. ಬಿಲದಿಂದ ಎಣ್ಣೆಯಂಥ ಗಾಢ ವಾಸನೆ ಬರುತ್ತದೆ, ಒಳಗಿಂದ ಕೂಗೂ ಕೇಳುತ್ತದೆ. ಬೆಕ್ಕು ಅಟ್ಟಿಸಿಕೊಂಡು ಹೋಗಬೇಕಾಗಿಯೇ ಇಲ್ಲ. ಬಿಲದ ಬಾಗಿಲಲ್ಲಿ ಕುಳಿತರೆ ಸಾಕು, ಊಟ ತಾನಾಗಿ ನಡೆದು ಬರುತ್ತದೆ.

ಇನ್ನು ಲೆಕ್ಕ. ಪೆಟ್ರೆಲ್ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅದು ಹೋದರೆ ಆ ವರ್ಷ ಹೋಯಿತು. ಮರಿ ಬೆಳೆದು ತಾನು ಮೊಟ್ಟೆ ಇಡಲು ಎಷ್ಟೋ ಜಾತಿಗಳಲ್ಲಿ ಐದಾರು ವರ್ಷ ಬೇಕು. ಇಂಥ ಹಕ್ಕಿಯ ವಂಶ ನಿಂತಿರುವುದು ದೊಡ್ಡ ಹಕ್ಕಿಗಳು ದಶಕಗಟ್ಟಲೆ ಬದುಕುತ್ತವೆ ಎಂಬುದರ ಮೇಲೆ. ಬೆಕ್ಕು ಹಿಡಿಯುವುದು ಆ ದೊಡ್ಡ ಹಕ್ಕಿಯನ್ನೇ. ಅತ್ತ ಬೆಕ್ಕಿನ ಬಸಿರು ಸುಮಾರು 63ರಿಂದ 65 ದಿನ, ಸೂಲಿಗೆ ನಾಲ್ಕು ಮರಿ, ವರ್ಷಕ್ಕೆ ಎರಡು ಸೂಲು ಮಾಮೂಲು, ಆರು ತಿಂಗಳಿಗೆ ಮರಿಯೇ ತಾಯಿ.

ದಕ್ಷಿಣ ಹಿಂದೂ ಮಹಾಸಾಗರದಲ್ಲಿ ದಕ್ಷಿಣ ಆಫ್ರಿಕಕ್ಕೆ ಸೇರಿದ ಮೇರಿಯನ್ ದ್ವೀಪದಲ್ಲಿ ಈ ಲೆಕ್ಕ ಕಣ್ಣೆದುರೇ ನಡೆಯಿತು. ಹವಾಮಾನ ಕೇಂದ್ರದ ಚಿಟ್ಟಿಲಿಗಳ ಕಾಟಕ್ಕೆಂದು 1949ರಲ್ಲಿ ಐದು ಬೆಕ್ಕು ತಂದರು. 1975ರ ಹೊತ್ತಿಗೆ ಎರಡು ಸಾವಿರ ದಾಟಿದವು, 1977ಕ್ಕೆ ಸುಮಾರು 3,400. 1975ರ ಅಂದಾಜಿನಂತೆ ವರ್ಷಕ್ಕೆ ತಿಂದದ್ದು ಸುಮಾರು 4,55,000 ಕಡಲಹಕ್ಕಿ. ತಲೆಗೆ ಇನ್ನೂರರ ಮೇಲೆ ಬಿತ್ತು. ಎರಡು ದಿನಕ್ಕೊಂದು ಹಕ್ಕಿಗಿಂತ ತುಸು ಹೆಚ್ಚು. ಬೆಕ್ಕಿಗೆ ಇದೇನೂ ಅತಿ ಅಲ್ಲ. ಬೆಕ್ಕಿಗೆ ಚೆಲ್ಲಾಟವೂ ಅಲ್ಲ, ಬರಿಯ ಊಟ.

ಮೊಲವೋ ಇಲಿಯೋ ಇರುವ ದ್ವೀಪದಲ್ಲಿ ಸ್ಥಿತಿ ಇನ್ನೂ ಕೆಡುತ್ತದೆ. ಕಡಲಹಕ್ಕಿಗಳು ವರ್ಷದಲ್ಲಿ ಕೆಲವು ತಿಂಗಳು ಸಮುದ್ರದಲ್ಲೇ ಇರುತ್ತವೆ. ಆಗ ಬೆಕ್ಕು ಉಪವಾಸ ಬಿದ್ದು ಸಂಖ್ಯೆ ಕುಗ್ಗಬೇಕಿತ್ತು. ಮೊಲ ಅದನ್ನು ಸಾಕಿ ಹಕ್ಕಿ ಬರುವ ಋತುವಿಗೆ ದಾಟಿಸುತ್ತದೆ.

ಜಗತ್ತಿನ ಮಟ್ಟದ ಲೆಕ್ಕ ಕೇಳಿದವರಿಗೆ: 2011ರ ಒಂದು ಸಮೀಕ್ಷೆಯ ಪ್ರಕಾರ ಕನಿಷ್ಠ 120 ದ್ವೀಪಗಳಲ್ಲಿ 175 ಜಾತಿಯ ಹಕ್ಕಿ, ಸ್ತನಿ, ಸರೀಸೃಪಗಳ ನಾಶಕ್ಕೆ ಅಥವಾ ಕುಸಿತಕ್ಕೆ ಬೆಕ್ಕು ಕಾರಣ. ಈ ಮೂರು ಗುಂಪುಗಳಲ್ಲಿ ಜಗತ್ತಿನಿಂದಲೇ ಕಣ್ಮರೆಯಾದವುಗಳ ಪೈಕಿ ಕನಿಷ್ಠ ಶೇ 14ರಲ್ಲಿ ದ್ವೀಪದ ಬೆಕ್ಕಿನ ಪಾತ್ರವಿದೆ.

ಪ್ರಶ್ನೆ: ದೀಪಸ್ತಂಭದ ಕಾವಲುಗಾರನ ಒಂದೇ ಒಂದು ಬೆಕ್ಕು ಇಡೀ ಹಕ್ಕಿ ಜಾತಿಯನ್ನು ಮುಗಿಸಿತು ಎಂದು ಓದಿದ್ದೆ. ನಿಜವೇ?

ಹಕ್ಕಿ ನಿಜ, ದ್ವೀಪ ನಿಜ, ‘ಒಂದೇ ಒಂದು’ ಎಂಬುದು ಕಟ್ಟುಕತೆ.

ನ್ಯೂಜಿಲೆಂಡಿನ ಕುಕ್ ಜಲಸಂಧಿಯಲ್ಲಿ ಸ್ಟೀಫನ್ಸ್ ಎಂಬ ಪುಟ್ಟ ದ್ವೀಪವಿದೆ, ಒಂದೂವರೆ ಚದರ ಕಿಲೋಮೀಟರು. 1894ರಲ್ಲಿ ಅಲ್ಲಿ ದೀಪಸ್ತಂಭ ಬೆಳಗಿತು. ಜನರ ಜೊತೆ ಬೆಕ್ಕೂ ಬಂತು. ಸಹಾಯಕ ಕಾವಲುಗಾರ ಡೇವಿಡ್ ಲಯಲ್ ಬೆಕ್ಕು ಹಿಡಿದು ತಂದ ಪುಟ್ಟ ಹಕ್ಕಿಗಳನ್ನು ಗಮನಿಸಿ ಚರ್ಮ ಸುಲಿದು ಸಂಗ್ರಾಹಕರಿಗೆ ಕಳಿಸಿದ. ಅದು ಹಾರಲಾರದ ರೆನ್. ವಿಜ್ಞಾನ ಅದಕ್ಕೆ ಹೆಸರಿಟ್ಟದ್ದೂ ಅದೇ 1894ರಲ್ಲಿ. 1895ರ ಮಾರ್ಚಿನಲ್ಲಿ ಕ್ರೈಸ್ಟ್‌ಚರ್ಚಿನ ಪತ್ರಿಕೆಯೊಂದು ಈ ಹಕ್ಕಿ ಬಹುಶಃ ಮುಗಿಯಿತು ಎಂದು ಬರೆದಿತ್ತು. ನಾಮಕರಣಕ್ಕೂ ತಿಥಿಗೂ ನಡುವೆ ವರ್ಷವೂ ಆಗಲಿಲ್ಲ.

ಇತಿಹಾಸಕಾರರು ಹಳೆಯ ಪತ್ರಗಳನ್ನು ಮತ್ತೆ ತಿರುವಿಹಾಕಿದಾಗ ತಿಳಿದದ್ದು ಇಷ್ಟು: ಬಂದ ಬೆಕ್ಕು ಬೇಗನೆ ಸಂಸಾರ ಮಾಡಿತು, ಕಾಡು ಸೇರಿದ ಬೆಕ್ಕುಗಳು ಹಲವಾರು. ದ್ವೀಪದಿಂದ ಅವುಗಳನ್ನು ಪೂರ್ತಿ ತೆಗೆಯಲು 1925ರವರೆಗೆ ಹಿಡಿಯಿತು. ಇನ್ನೊಂದು ಸಂಗತಿ ಕತೆಯಲ್ಲಿ ಬರುವುದೇ ಇಲ್ಲ. ಈ ರೆನ್ ಹಿಂದೆ ನ್ಯೂಜಿಲೆಂಡಿನ ದೊಡ್ಡ ಭೂಭಾಗದಲ್ಲೂ ಇತ್ತು. ಮನುಷ್ಯರ ದೋಣಿಗಳಲ್ಲಿ ಬಂದ ಪೆಸಿಫಿಕ್ ಇಲಿ ಅಲ್ಲಿ ಅದನ್ನು ಆಗಲೇ ಮುಗಿಸಿತ್ತು. ಇಲಿ ತಲುಪದೆ ಉಳಿದಿದ್ದ ಕೊನೆಯ ತುಣುಕು ಸ್ಟೀಫನ್ಸ್. ಬೆಕ್ಕು ಮುಗಿಸಿದ್ದು ಇಲಿ ಶುರುಮಾಡಿದ ಕೆಲಸವನ್ನು.

ಪ್ರಶ್ನೆ: ನಮ್ಮ ಬೆಕ್ಕಿಗೆ ಹೊಟ್ಟೆ ತುಂಬ ಊಟ ಇದೆ. ಕೊರಳಿಗೆ ಗಂಟೆಯೂ ಇದೆ. ಅಷ್ಟು ಸಾಲದೆ?

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬುದು ಇಲಿಗಳ ಸಮಸ್ಯೆ. ಕಟ್ಟಿದ ಮೇಲೂ ಉಪಯೋಗವಿಲ್ಲ ಎಂಬುದು ಹಕ್ಕಿಗಳ ಸಮಸ್ಯೆ.

ಬೆಕ್ಕಿನಲ್ಲಿ ಹಸಿವು ಬೇರೆ, ಬೇಟೆಯ ಚಪಲ ಬೇರೆ. ಊಟ ಮಾಡುತ್ತಿರುವ ಬೆಕ್ಕೇ ಪಕ್ಕದಲ್ಲಿ ಏನಾದರೂ ಓಡಿದರೆ ತಟ್ಟೆ ಬಿಟ್ಟು ಹಾರುತ್ತದೆ. ಇಂಗ್ಲೆಂಡಿನಲ್ಲಿ 219 ಮನೆಗಳ 355 ಬೆಕ್ಕುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಟೆಯಿಂದ ಕಾಣುವಂಥ ಪರಿಣಾಮವೇನೂ ಆಗಲಿಲ್ಲ. ಧಾನ್ಯದ ಬದಲು ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ ಮನೆಗೆ ತರುವ ಬೇಟೆ ಶೇ 36ರಷ್ಟು ಇಳಿಯಿತು. ದಿನಕ್ಕೆ ಐದರಿಂದ ಹತ್ತು ನಿಮಿಷ ಆಡಿಸಿದಾಗ ಶೇ 25ರಷ್ಟು. ಗಾಢ ಬಣ್ಣದ ಅಗಲವಾದ ಬಟ್ಟೆಯ ಕೊರಳಪಟ್ಟಿ ಹಾಕಿದಾಗ ಹಕ್ಕಿಗಳ ಬೇಟೆ ಶೇ 42ರಷ್ಟು ಕಡಿಮೆ, ಇಲಿ ಜಾತಿಯ ಬೇಟೆ ಮಾತ್ರ ಹಾಗೇ ಇತ್ತು. ತಿಂಡಿಯನ್ನು ಒಗಟಿನ ಡಬ್ಬದಲ್ಲಿಟ್ಟು ಬೆಕ್ಕೇ ಹುಡುಕಿ ತೆಗೆಯುವಂತೆ ಮಾಡಿದರೆ ಬೇಟೆ ಶೇ 33ರಷ್ಟು ಏರಿತು. ಬುದ್ಧಿಗೆ ಕೆಲಸ ಕೊಟ್ಟರೆ ಬೇಟೆ ಮರೆಯುತ್ತದೆ ಎಂದುಕೊಂಡವರಿಗೆ ಇದೊಂದು ಪಾಠ.

ಇವೆಲ್ಲ ಮನೆಗೆ ತಂದ ಬೇಟೆಯ ಲೆಕ್ಕ ಎಂಬುದು ನೆನಪಿರಲಿ. ಅಮೆರಿಕದ ಜಾರ್ಜಿಯಾದಲ್ಲಿ ಬೆಕ್ಕಿನ ಕೊರಳಿಗೇ ಪುಟ್ಟ ಕ್ಯಾಮೆರಾ ಕಟ್ಟಿ ನೋಡಿದಾಗ, ಹಿಡಿದದ್ದರಲ್ಲಿ ಮನೆಗೆ ತಂದದ್ದು ನಾಲ್ಕರಲ್ಲೊಂದು ಪಾಲೂ ಇರಲಿಲ್ಲ. ಸುಮಾರು ಅರ್ಧವನ್ನು ಕೊಂದ ಜಾಗದಲ್ಲೇ ಬಿಟ್ಟು ಬಂದಿದ್ದವು. ‘ನಮ್ಮ ಬೆಕ್ಕು ಏನನ್ನೂ ತರುವುದಿಲ್ಲ’ ಎಂಬ ಮಾತಿಗೆ ಹೆಚ್ಚು ತೂಕ ಕೊಡಲಾಗದು.

ಬಣ್ಣದ ಪಟ್ಟಿ ಕೆಲಸ ಮಾಡುವುದು ಬೆಕ್ಕನ್ನು ಕಂಡು ಹಾರಿಹೋಗಬಲ್ಲ ಹಕ್ಕಿಗೆ. ಬಿಲದೊಳಗಿನ ಮರಿ ಬಣ್ಣ ನೋಡಿ ಎಲ್ಲಿಗೆ ಹೋಗಬೇಕು? ಕಡಲಹಕ್ಕಿ ಮರಿಮಾಡುವ ದ್ವೀಪದಲ್ಲಿ ಬೆಕ್ಕು ಸಾಕುವವರಿಗೆ ಇರುವ ದಾರಿ ಒಂದೇ: ಮನೆಯೊಳಗೆ, ಇಲ್ಲವೇ ಬಲೆ ಹೊದಿಸಿದ ಅಂಗಳದಲ್ಲಿ.

ಹೊರಗೆ ಅಲೆದು ರೂಢಿಯಾದ ಬೆಕ್ಕನ್ನು ಒಂದೇ ದಿನ ಕೂಡಿಹಾಕಿದರೆ ಬಾಗಿಲು ಪರಚುತ್ತದೆ, ಕಂಡಲ್ಲಿ ಉಚ್ಚೆ ಹೊಯ್ಯುತ್ತದೆ, ಮನೆಯವರು ನಾಲ್ಕನೆಯ ದಿನ ಸೋತು ಬಿಟ್ಟುಬಿಡುತ್ತಾರೆ. ಬಿಟ್ಟ ಮೇಲೆ ಮತ್ತೆ ಕೂಡಿಹಾಕುವುದು ಎರಡರಷ್ಟು ಕಷ್ಟ, ಏಕೆಂದರೆ ಪರಚಿದರೆ ಬಾಗಿಲು ತೆರೆಯುತ್ತದೆ ಎಂದು ಅದು ಕಲಿತಿರುತ್ತದೆ. ಮೂರು ನಾಲ್ಕು ವಾರ ಹಿಡಿದು ಮಾಡಿ. ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆ. ಅದಿಲ್ಲದೆ ಗಂಡು ಬೆಕ್ಕನ್ನು ಒಳಗಿಡುವುದು ಕನಸು. ಮೊದಲ ವಾರ ಊಟ ಸಂಜೆಗೆ ಮನೆಯೊಳಗೆ ಮಾತ್ರ, ತಿಂದ ಮೇಲೆ ಬಾಗಿಲು ಬೆಳಗಿನವರೆಗೆ ಬಂದ್. ಕಡಲಹಕ್ಕಿ ಇಳಿಯುವುದು ರಾತ್ರಿಯಾದ್ದರಿಂದ ಈ ಒಂದೇ ಹೆಜ್ಜೆಯಿಂದಲೂ ಅಷ್ಟಿಷ್ಟು ಲಾಭ ಇದೆ. ಆಮೇಲೆ ಹೊರಗಿನ ಹೊತ್ತನ್ನು ದಿನಕ್ಕೆ ಅರ್ಧ ಗಂಟೆಯಂತೆ ಕಡಿಮೆ ಮಾಡುತ್ತ ಬನ್ನಿ. ಮರಳಿನ ತಟ್ಟೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಲಿ, ಊಟದ ಜಾಗದಿಂದ ದೂರವಿರಲಿ. ಕಿಟಕಿ ಪಕ್ಕ ಎತ್ತರದಲ್ಲೊಂದು ಹಲಗೆ, ಪರಚಲು ಒರಟು ಮರದ ಕಂಬ. ಆಟ ಊಟಕ್ಕೆ ಮುಂಚೆ ಇರಲಿ: ಕೋಲಿಗೆ ಕಟ್ಟಿದ ಗರಿಯನ್ನು ಓಡಿಸಿ, ಕೊನೆಗೆ ಅದರ ಕೈಗೆ ಸಿಗಲು ಬಿಟ್ಟು, ತಕ್ಷಣ ತಟ್ಟೆ ಇಡಿ. ಹಿಡಿದೆ, ತಿಂದೆ, ಮಲಗಿದೆ ಎಂಬ ಅದರ ಸಹಜ ಸರಣಿ ಅಲ್ಲಿಗೆ ಪೂರ್ತಿಯಾಗುತ್ತದೆ. ಕೊರಳಪಟ್ಟಿ ಹಾಕುವುದೇ ಆದರೆ ಎಳೆದರೆ ಬಿಚ್ಚಿಕೊಳ್ಳುವ ಬಗೆಯದೇ ಹಾಕಿ; ಬಿಗಿಪಟ್ಟಿ ಕೊಂಬೆಗೆ ಸಿಕ್ಕಿದರೆ ಉರುಳು.

ಪ್ರಶ್ನೆ: ಸತ್ತ ಹಕ್ಕಿಯನ್ನು ನೋಡಿ ಕೊಂದದ್ದು ಬೆಕ್ಕೇ ಎಂದು ಹೇಗೆ ಹೇಳುತ್ತಾರೆ? ಇಲಿಯೂ ಇರಬಹುದಲ್ಲ?

ಇರಬಹುದು. ತಪ್ಪು ಪ್ರಾಣಿಯ ಹಿಂದೆ ಬಿದ್ದು ಹಣ ಸುರಿದರೆ ಹಕ್ಕಿಗೆ ಲಾಭವಿಲ್ಲ. ಆದ್ದರಿಂದ ಕೆಲಸ ಶುರುವಾಗುವುದೇ ಶವ ಓದುವುದರಿಂದ.

ಬೆಕ್ಕು ತಿಂದ ಪೆಟ್ರೆಲ್‌ನಲ್ಲಿ ಸಾಮಾನ್ಯವಾಗಿ ಎರಡು ರೆಕ್ಕೆ ಉಳಿದಿರುತ್ತವೆ, ಭುಜದ ಮೂಳೆಯಲ್ಲಿ ಒಂದಕ್ಕೊಂದು ಅಂಟಿಕೊಂಡೇ. ಕಾಲುಗಳೂ ಉಳಿಯುತ್ತವೆ. ಎದೆಯ ಮಾಂಸ ಹೋಗಿರುತ್ತದೆ, ಚರ್ಮ ಕಾಲುಚೀಲ ಕಳಚಿದಂತೆ ಒಳಹೊರಗಾಗಿರುತ್ತದೆ. ಪೂರ್ತಿ ತಿನ್ನದ ಶವವಾದರೆ ಕತ್ತಿನ ಗರಿ ಸರಿಸಿ ನೋಡಬೇಕು; ಕೋರೆಹಲ್ಲಿನ ಜೋಡಿ ತೂತು ಕಾಣುತ್ತದೆ. ಇಲಿ ಹಾಗಲ್ಲ, ಸಣ್ಣ ಸಣ್ಣದಾಗಿ ಕೆರೆದು ತಿನ್ನುತ್ತದೆ. ಗಾಯದ ಅಂಚು ಗರಗಸದಂತಿರುತ್ತದೆ, ಮೊಟ್ಟೆಯ ಚಿಪ್ಪಿನ ಅಂಚಿನಲ್ಲಿ ಹಲ್ಲಿನ ಗೀರು ಬಿದ್ದಿರುತ್ತದೆ. ಗಿಡುಗವಾದರೆ ಗರಿ ಕಿತ್ತು ಸುತ್ತ ಹರಡಿರುತ್ತದೆ.

ಹೆಜ್ಜೆಯೂ ಹೇಳುತ್ತದೆ. ಬೆಕ್ಕಿನದು ದುಂಡು, ಮೂರು ನಾಲ್ಕು ಸೆಂಟಿಮೀಟರು, ಉಗುರಿನ ಗುರುತಿಲ್ಲ, ಅಂಗಾಲಿನ ದಿಂಬಿನ ಹಿಂಬದಿಯಲ್ಲಿ ಮೂರು ಉಬ್ಬು. ಶವವೇ ಸಿಗದಿದ್ದರೆ ಬಿಲದ ಬಾಯಿಗೆ ತೆಳು ಕಡ್ಡಿಗಳನ್ನು ಬೇಲಿಯಂತೆ ನೆಟ್ಟು ಬರುತ್ತಾರೆ. ಬೆಳಿಗ್ಗೆ ಕಡ್ಡಿ ಬಿದ್ದಿದ್ದರೆ ಯಾರೋ ಓಡಾಡಿದ್ದಾರೆ. ಯಾರು ಎಂಬುದನ್ನು ಬಿಲದೆದುರು ಇಟ್ಟ, ಚಲನೆಗೆ ಎಚ್ಚರಗೊಳ್ಳುವ ಕ್ಯಾಮೆರಾ ತೋರಿಸುತ್ತದೆ.

ಪ್ರಶ್ನೆ: ಕೊಲ್ಲುವುದೇಕೆ? ಹಿಡಿದು ಸಂತಾನಹರಣ ಮಾಡಿ ಬಿಟ್ಟರೆ ಹತ್ತು ವರ್ಷದಲ್ಲಿ ತಾವಾಗಿಯೇ ಮುಗಿಯುವುದಿಲ್ಲವೇ?

ಈ ಪ್ರಶ್ನೆ ಕೇಳಿದವರೇ ಹೆಚ್ಚು. ಕಾಳಜಿ ಅರ್ಥವಾಗುತ್ತದೆ, ಆದರೆ ಉತ್ತರ ಕಹಿ. ಶಸ್ತ್ರಚಿಕಿತ್ಸೆ ಮರಿ ಹುಟ್ಟುವುದನ್ನು ನಿಲ್ಲಿಸುತ್ತದೆ, ಹಲ್ಲನ್ನಲ್ಲ. ಬಿಟ್ಟ ಬೆಕ್ಕು ಬದುಕಿರುವಷ್ಟು ದಿನ ಬೇಟೆಯಾಡುತ್ತದೆ. ಸಂಖ್ಯೆ ಇಳಿಯಬೇಕಾದರೆ ಗುಂಪಿನ ಬಹುಪಾಲು ಹೆಣ್ಣುಗಳಿಗೆ ಶಸ್ತ್ರಚಿಕಿತ್ಸೆ ಆಗಬೇಕು, ಹೊಸದು ಒಂದೂ ಸೇರಬಾರದು. ಬಂಡೆ ಪೊದೆಗಳ ನಡುವೆ ಕಾಡು ಸೇರಿದ ಬೆಕ್ಕನ್ನು ಅಷ್ಟು ಪ್ರಮಾಣದಲ್ಲಿ ಹಿಡಿಯಲು ಸಾಧ್ಯವಾದರೆ ಅದನ್ನು ಮತ್ತೆ ಅಲ್ಲಿಗೇ ಬಿಡುವುದು ಯಾಕೆ? ಜೊತೆಗೆ ಬಿಟ್ಟ ಜಾಗದಲ್ಲಿ ಊಟ ಇಡುವ ರೂಢಿ ಇದ್ದರೆ, ಮರಿಹಕ್ಕಿ ಇಲ್ಲದ ಋತುವಿನಲ್ಲೂ ಬೆಕ್ಕು ದಷ್ಟಪುಷ್ಟ. ಮೇಲೆ ಹೇಳಿದ ಮೊಲದ ಕೆಲಸವನ್ನು ನಾವೇ ಮಾಡಿದಂತೆ.

ಶಸ್ತ್ರಚಿಕಿತ್ಸೆಗೆ ಬೇರೆಡೆ ದೊಡ್ಡ ಪಾತ್ರವಿದೆ. ಜನವಸತಿಯ ದ್ವೀಪದಲ್ಲಿ ಸಾಕುಬೆಕ್ಕುಗಳಿಗೆಲ್ಲ ಅದು ಆಗದೆ ಕಾಡಿನ ಬೆಕ್ಕು ಹಿಡಿಯಲು ಹೊರಟರೆ ತೂತು ಮಡಕೆಗೆ ನೀರು ತುಂಬಿದಂತೆ.

ಕೊಲ್ಲದೆ ತೆಗೆದ ಉದಾಹರಣೆಗಳೂ ಇವೆ, ಮರೆಮಾಚುವುದಿಲ್ಲ. ಟೋಕಿಯೋದಿಂದ ಸಾವಿರ ಕಿಲೋಮೀಟರು ದಕ್ಷಿಣಕ್ಕೆ, ಹಡಗಿನಲ್ಲಿ ಒಂದಿಡೀ ದಿನದ ಪಯಣದ ಒಗಸವಾರ ದ್ವೀಪಗಳಲ್ಲಿ ಕೆಂಪುತಲೆಯ ಕಾಡುಪಾರಿವಾಳ ಕೆಲವೇ ಡಜನ್ನಿಗೆ ಇಳಿದಿತ್ತು. 2010ರಿಂದ ಬೆಟ್ಟದ ಬೆಕ್ಕುಗಳನ್ನು ಬೋನಿಟ್ಟು ಹಿಡಿದು, ಹಡಗಿನಲ್ಲಿ ಟೋಕಿಯೋಗೆ ಕಳಿಸಿದರು. ಅಲ್ಲಿನ ಪಶುವೈದ್ಯರು ಅವನ್ನು ಪಳಗಿಸಿ ಮನೆಗಳಿಗೆ ಕೊಟ್ಟರು. ಪಾರಿವಾಳ ಚೇತರಿಸಿಕೊಂಡಿತು. ಕ್ಯಾಲಿಫೋರ್ನಿಯಾದ ಸ್ಯಾನ್ ನಿಕೊಲಸ್ ದ್ವೀಪದಲ್ಲೂ 2009-10ರಲ್ಲಿ ಹಿಡಿದ ಬೆಕ್ಕುಗಳಲ್ಲಿ ಹೆಚ್ಚಿನವು ಬೇಲಿ ಹಾಕಿದ ಆಶ್ರಯತಾಣ ಸೇರಿದವು. ಎರಡೂ ಕಡೆ ಬೆಕ್ಕುಗಳು ನೂರರ ಲೆಕ್ಕದಲ್ಲಿದ್ದವು ಅಥವಾ ಅದಕ್ಕೂ ಕಡಿಮೆ, ತೆಗೆದುಕೊಳ್ಳುವವರೂ ಇದ್ದರು. ಸಾವಿರಾರು ಬೆಕ್ಕು, ಹತ್ತಿರ ಊರೇ ಇಲ್ಲ ಎಂಬಲ್ಲಿ ಈ ದಾರಿ ಇಲ್ಲ.

ಪ್ರಶ್ನೆ: ಇಡೀ ದ್ವೀಪದಿಂದ ಬೆಕ್ಕು ತೆಗೆಯುವುದು ನಿಜವಾಗಿ ಹೇಗೆ? ಎಲ್ಲಿ ಎಡವುತ್ತಾರೆ?

ಮೊದಲ ಹೆಜ್ಜೆ ಕಾಡಿನಲ್ಲಲ್ಲ, ಊರಿನಲ್ಲಿ. ಸಾಕುಬೆಕ್ಕುಗಳ ನೋಂದಣಿ, ಸಂತಾನಹರಣ, ಚರ್ಮದಡಿ ಮೈಕ್ರೋಚಿಪ್, ಹೊಸ ಬೆಕ್ಕು ತರುವುದಕ್ಕೆ ನಿಷೇಧ. ಅಟ್ಲಾಂಟಿಕ್ ಸಾಗರದ ಅಸೆನ್ಷನ್ ದ್ವೀಪದಲ್ಲಿ ಇವನ್ನೆಲ್ಲ ಮಾಡಿಯೂ ಬೋನು ಮತ್ತು ವಿಷಕ್ಕೆ ಕೆಲವರ ಸಾಕುಬೆಕ್ಕು ಬಲಿಯಾದವು, ಜನ ಸಿಡಿದೆದ್ದರು. ಕೆಲಸ ನಡೆಯುವ ತಿಂಗಳುಗಳಲ್ಲಿ ಸಾಕುಬೆಕ್ಕು ಮನೆಯೊಳಗೇ ಇರಬೇಕೆಂಬುದನ್ನು ಬಾಯಿಮಾತಿಗೆ ಬಿಡಬಾರದು.

ಆಮೇಲೆ ವಿಷ. 1080 ಎಂದು ಕರೆಯುವ ಸೋಡಿಯಂ ಫ್ಲೂರೋಅಸಿಟೇಟ್ ಬೆರೆಸಿದ ಮಾಂಸದ ತುಣುಕುಗಳನ್ನು ಬೆಕ್ಕಿಗೆ ಅತಿ ಹೆಚ್ಚು ಹಸಿವಿರುವ ಕಾಲದಲ್ಲಿ, ಅಂದರೆ ಹಕ್ಕಿಗಳು ಕಡಲಿಗೆ ಹೋಗಿ, ಇಲಿ ಮೊಲಗಳೂ ಕಡಿಮೆಯಾದಾಗ ಹರಡುತ್ತಾರೆ. ಬೇಟೆ ಸಮೃದ್ಧವಿರುವಾಗ ಹಾಕಿದರೆ ಬೆಕ್ಕು ಮೂಸಿಯೂ ನೋಡದು; ಅದಕ್ಕೆ ಜೀವಂತ ಊಟವೇ ಇಷ್ಟ. ಮಳೆ ಬಂದರೆ ವಿಷ ತೊಳೆದುಹೋಗುತ್ತದೆ. ಉಷ್ಣವಲಯದ ದ್ವೀಪಗಳಲ್ಲಿ ನೆಲ ಏಡಿಗಳು ಬೆಕ್ಕಿಗಿಂತ ಮುಂಚೆ ಬಂದು ತುಣುಕು ಹೊತ್ತೊಯ್ಯುತ್ತವೆ. ವಿಷ ತಿಂದು ಸಾಯಬಲ್ಲ ಸ್ಥಳೀಯ ಪ್ರಾಣಿ ಇದೆಯೇ ಎಂಬುದನ್ನು ಮೊದಲು ವಿಷವಿಲ್ಲದ ತುಣುಕು ಇಟ್ಟು ಕ್ಯಾಮೆರಾದಲ್ಲಿ ನೋಡಬೇಕು.

ವಿಷ ತಿನ್ನದೆ ಉಳಿದ ಬೆಕ್ಕಿಗೆ ಬೋನು. ಪಂಜರದ ಬೋನಿಗೆ ಹೊಸ ಬೆಕ್ಕು, ಮರಿ, ಊರಬೆಕ್ಕು ಬೀಳುತ್ತವೆ. ಕಾಡಿನ ಹಳೆ ಹುಲಿಗಳಿಗೆ ಅದು ನಡೆಯುವುದಿಲ್ಲ. ಅವಕ್ಕೆ ರಬ್ಬರು ಹೊದಿಸಿದ ದವಡೆಯ, ಕಾಲು ಹಿಡಿಯುವ ಬೋನು. ಅದನ್ನು ಹೂಳುವುದರಲ್ಲೇ ಇರುವುದು ಕೈಚಳಕ. ಬೆಕ್ಕು ದಾರಿಯಲ್ಲೇ ನಡೆಯುತ್ತದೆ: ಕಾಲುದಾರಿ ಕೂಡುವಲ್ಲಿ, ಬಂಡೆಗಳ ನಡುವಿನ ಸಂದಿಯಲ್ಲಿ. ಅಲ್ಲಿ ಬೋನಿನ ಗಾತ್ರಕ್ಕೆ ಸರಿಯಾಗಿ ಗುಂಡಿ ತೋಡಿ, ಬೋನು ಇಟ್ಟು, ನಾಲ್ಕೂ ಮೂಲೆ ಒತ್ತಿ ನೋಡಬೇಕು. ಎಳ್ಳಷ್ಟು ಅಲುಗಿದರೂ ಬೆಕ್ಕು ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತದೆ, ಆಮೇಲೆ ಆ ಬಗೆಯ ಜಾಗಕ್ಕೆ ಜನ್ಮದಲ್ಲಿ ಕಾಲಿಡದು. ಮೇಲೆ ಜರಡಿ ಹಿಡಿದ ಒಣ ಮಣ್ಣು ತೆಳುವಾಗಿ. ಹೆಜ್ಜೆ ಸರಿಯಾಗಿ ನಡುವೆ ಬೀಳಲೆಂದು ಮುಂದೊಂದು ಕಡ್ಡಿ ಅಡ್ಡ ಇಡುತ್ತಾರೆ. ಬೆಕ್ಕು ಕಡ್ಡಿ ತುಳಿಯದೆ ದಾಟಿ ಕಾಲಿಡುತ್ತದೆ. ಮೀನಿಗಿಂತ ಇನ್ನೊಂದು ಬೆಕ್ಕಿನ ಉಚ್ಚೆಯೇ ಒಳ್ಳೆಯ ಆಕರ್ಷಣೆ. ಪ್ರತಿ ಬೋನನ್ನೂ ದಿನಕ್ಕೊಮ್ಮೆಯಾದರೂ ನೋಡಲೇಬೇಕು. ಸ್ಯಾನ್ ನಿಕೊಲಸ್‌ನಲ್ಲಿ ಬೋನು ಮುಚ್ಚಿದ ಕೂಡಲೇ ರೇಡಿಯೋ ಸಂಕೇತ ಬರುವ ವ್ಯವಸ್ಥೆ ಇತ್ತು. ಅಲ್ಲಿನ ಅಪರೂಪದ ದ್ವೀಪನರಿ ಅದೇ ಬೋನಿಗೆ ಬೀಳುತ್ತಿದ್ದುದರಿಂದ ತಡಮಾಡದೆ ಹೋಗಿ ಬಿಡಿಸಬೇಕಿತ್ತು.

ಮೇರಿಯನ್‌ನಲ್ಲಿ ಇವೆಲ್ಲಕ್ಕೂ ಮೊದಲು ರೋಗವನ್ನು ಬಳಸಿದರು. 1977ರಲ್ಲಿ ಬೆಕ್ಕುಗಳ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ಬಿಟ್ಟಾಗ 3,400 ಇದ್ದದ್ದು 1982ಕ್ಕೆ ಸುಮಾರು 600ಕ್ಕೆ ಇಳಿಯಿತು. ಉಳಿದವುಗಳಲ್ಲಿ ರೋಗನಿರೋಧಕ ಶಕ್ತಿ ಬಂತು, ಇಳಿಕೆ ನಿಧಾನವಾಯಿತು. 1986ರಿಂದ ರಾತ್ರಿ ತಲೆದೀಪ ಕಟ್ಟಿ ಬಂದೂಕು ಹಿಡಿದು ನಡೆದರು, ಆಮೇಲೆ ಬೋನು, ವಿಷ. ಕೊನೆಯ ಬೆಕ್ಕು ಹೋದದ್ದು 1991ರಲ್ಲಿ. ಮೊದಲ 2,800ಕ್ಕೆ ಐದು ವರ್ಷ, ಉಳಿದ 600ಕ್ಕೆ ಒಂಬತ್ತು.

ಎಲ್ಲ ಕಡೆಯೂ ಇದೇ ರಾಗ. ಹಣ ಬೇಡುವುದು ಕೊನೆಯ ಐದಾರು ಬೆಕ್ಕು. ಆ ಹೊತ್ತಿಗೆ ವರದಿಗಳಲ್ಲಿ ‘ಶೇ 95 ಯಶಸ್ಸು’ ಎಂದು ಬಂದಿರುತ್ತದೆ, ಹಣ ಕೊಡುವವರಿಗೆ ದಣಿವಾಗಿರುತ್ತದೆ. ಒಂದು ಬಸುರಿ ಬೆಕ್ಕು ಉಳಿದರೂ ಲೆಕ್ಕ ಮತ್ತೆ ಐದರಿಂದ 3,400ಕ್ಕೆ. ಹಾಗಾಗಿ ಕೊನೆಯ ಬೆಕ್ಕು ಸಿಕ್ಕಿತು ಎನಿಸಿದ ಮೇಲೂ ವಾಸನೆ ಹಿಡಿಯುವ ನಾಯಿ ಮತ್ತು ಕ್ಯಾಮೆರಾಗಳ ಕಾವಲು ಎರಡು ವರ್ಷದಷ್ಟು ನಡೆಯಬೇಕು. ಆಸ್ಟ್ರೇಲಿಯಾದ ಪಶ್ಚಿಮ ತೀರದಲ್ಲಿ 600 ಚದರ ಕಿಲೋಮೀಟರಿಗೂ ದೊಡ್ಡದಾದ ಡರ್ಕ್ ಹಾರ್ಟಾಗ್ ದ್ವೀಪವನ್ನು ಅಡ್ಡಲಾಗಿ ಬೇಲಿಯಿಂದ ಎರಡು ಭಾಗ ಮಾಡಿಕೊಂಡು, ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದರು. 2018ರಲ್ಲಿ ಅದು ಬೆಕ್ಕುಮುಕ್ತ ಎಂದು ಘೋಷಣೆಯಾಯಿತು.

ಪ್ರಶ್ನೆ: ತೆಗೆಯುವುದು ಬೇಡ, ಹಕ್ಕಿಗಳ ಸುತ್ತ ಬೇಲಿ ಹಾಕಬಹುದಲ್ಲ?

ಹಾಕಬಹುದು, ಹಾಕಿದ್ದಾರೆ. ಹವಾಯಿಯ ಒವಾಹು ದ್ವೀಪದ ಕಾಯೆನಾ ಭೂಶಿರದಲ್ಲಿ 2011ರಿಂದ ಎರಡು ಮೀಟರು ಎತ್ತರದ ಬೇಲಿ ಇದೆ. ಇಲಿಮರಿಯೂ ನುಸುಳದ ಸಣ್ಣ ಕಣ್ಣಿನ ಬಲೆ, ತೋಡಿ ನುಗ್ಗದಂತೆ ನೆಲದೊಳಗೆ ಹೊರಮುಖವಾಗಿ ಹಾಸಿದ ಬಲೆಯ ಅಂಚು, ಹತ್ತಿದವನು ಜಾರುವಂತೆ ತುದಿಯಲ್ಲಿ ಬಾಗಿದ ಲೋಹದ ಸೂರು. ಕಡಲತೀರದಲ್ಲಿ ಬೇಲಿ ಮುಗಿಯುವ ಎರಡು ತುದಿಗಳೇ ಇಂಥ ಬೇಲಿಯ ಬಲಹೀನ ಜಾಗ; ಅಲೆ ಇಳಿದಾಗ ಸುತ್ತಿ ಬರಬಹುದು. ಉಪ್ಪುಗಾಳಿಗೆ ಲೋಹ ತಿನ್ನುತ್ತದೆ. ಪೂರ್ತಿ ತೆಗೆಯಲಾಗದ ಜನವಸತಿ ದ್ವೀಪಕ್ಕೆ ಇದು ಒಳ್ಳೆಯ ಉಪಾಯ, ಆದರೆ ದುರಸ್ತಿಯ ಖರ್ಚಿಗೆ ಕೊನೆಯಿಲ್ಲ.

ಪ್ರಶ್ನೆ: ಬೆಕ್ಕು ಹೋದರೆ ಇಲಿಗಳ ರಾಜ್ಯ ಆಗುವುದಿಲ್ಲವೇ?

ಆಗಿದೆ. ನ್ಯೂಜಿಲೆಂಡಿನ ಲಿಟಲ್ ಬ್ಯಾರಿಯರ್ ದ್ವೀಪದಲ್ಲಿ 1980ರಲ್ಲಿ ಬೆಕ್ಕು ತೆಗೆದರು, ಇಲಿ ಉಳಿಯಿತು. ಕುಕ್ ಪೆಟ್ರೆಲ್ ಮರಿಗಳು ಬದುಕಿ ಹಾರುವ ಪ್ರಮಾಣ ಏರುವ ಬದಲು ಇಳಿಯಿತು. ಬೆಕ್ಕು ಇಲಿಯನ್ನು ತಿನ್ನುತ್ತಿತ್ತು. ಬೆಕ್ಕು ಹೋದ ಮೇಲೆ ಇಲಿ ಮೊಟ್ಟೆ, ಮರಿಗಳಿಗೆ ನುಗ್ಗಿತು. 2004ರಲ್ಲಿ ಇಲಿಯನ್ನೂ ತೆಗೆದ ಮೇಲೆಯೇ ಪೆಟ್ರೆಲ್ ನೆಮ್ಮದಿ ಕಂಡದ್ದು.

ಆಸ್ಟ್ರೇಲಿಯಾದ ಮ್ಯಾಕ್ವಾರಿ ದ್ವೀಪದ ಕತೆಯಲ್ಲಿ ಇಲಿಯ ಜಾಗದಲ್ಲಿ ಮೊಲ. 2000ದಲ್ಲಿ ಕೊನೆಯ ಬೆಕ್ಕು ಹೋಯಿತು, ಮುಂದಿನ ವರ್ಷಗಳಲ್ಲಿ ಮೊಲ ಹೆಚ್ಚಿ ಗುಡ್ಡಗಳ ಹುಲ್ಲು ಬೋಳಾಯಿತು. ಬೆಕ್ಕು ತೆಗೆದದ್ದೇ ಕಾರಣವೆಂದು ಕೆಲವರು, ಮೊಲಕ್ಕೆಂದು ಬಿಡುತ್ತಿದ್ದ ಮಿಕ್ಸೋಮಾ ವೈರಸ್ಸಿನ ಕಸುವು ಕುಂದಿದ್ದೇ ಕಾರಣವೆಂದು ಇನ್ನು ಕೆಲವರು ವಾದಿಸಿದರು. ಎರಡೂ ಸೇರಿರಬೇಕು ಎಂಬುದು ನಮ್ಮ ಅನಿಸಿಕೆ. ಕೊನೆಗೆ ಮೊಲ, ಇಲಿ, ಚಿಟ್ಟಿಲಿ ಮೂರನ್ನೂ ಒಟ್ಟಿಗೆ ತೆಗೆದು 2014ರಲ್ಲಿ ಯಶಸ್ಸು ಘೋಷಿಸಿದರು.

ಬೆಕ್ಕನ್ನು ಬಿಟ್ಟುಬಿಡಬೇಕಿತ್ತು ಎಂದು ಇದರಿಂದ ಅರ್ಥ ಮಾಡಿಕೊಳ್ಳಬೇಡಿ. ಬೆಕ್ಕು ದೊಡ್ಡ ಹಕ್ಕಿಯನ್ನು ಕೊಲ್ಲುತ್ತದೆ, ಇಲಿ ಬಹುಮಟ್ಟಿಗೆ ಮೊಟ್ಟೆ ಮರಿಯನ್ನು. ಮೊದಲಿನದರಿಂದ ವಂಶ ಬೇಗ ಮುಗಿಯುತ್ತದೆ. ಎಡವಟ್ಟಾಗುವುದು ಒಂದನ್ನೇ ನೋಡಿ ಯೋಜನೆ ಹಾಕಿದಾಗ. ಈಗಿನ ರೂಢಿ ಎಲ್ಲವನ್ನೂ ಒಂದೇ ಸರಣಿಯಲ್ಲಿ ತೆಗೆಯುವುದು: ಮೊದಲು ಇಲಿಗೆ ಹೆಲಿಕಾಪ್ಟರಿನಿಂದ ವಿಷದ ಗುಳಿಗೆ, ಆ ಇಲಿಗಳನ್ನು ತಿಂದು ಬೆಕ್ಕುಗಳಲ್ಲೂ ಒಂದು ಪಾಲು ಸಾಯುತ್ತವೆ, ಉಳಿದವು ಹಸಿದಿರುವಾಗಲೇ ತಡಮಾಡದೆ ಬೋನು. ನಡುವೆ ಅಂತರ ಬಿದ್ದರೆ ಇಲಿ ಸಿಗದ ಬೆಕ್ಕು ಪೂರ್ತಿ ಹಕ್ಕಿಯ ಮೇಲೆ ತಿರುಗುತ್ತದೆ.

ಪ್ರಶ್ನೆ: ಬೆಕ್ಕಿನ ಮಲದಿಂದ ಸೀಲ್ ಸಾಯುತ್ತದೆ ಎಂಬುದು ಉತ್ಪ್ರೇಕ್ಷೆಯಲ್ಲವೇ?

ಅಲ್ಲ. ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ತತ್ತಿ ಇಡುವುದು ಬೆಕ್ಕಿನ ಕುಲದ ಕರುಳಿನಲ್ಲಿ ಮಾತ್ರ. ಸೋಂಕು ತಗುಲಿದ ಬೆಕ್ಕು ಒಂದೆರಡು ವಾರ ಲಕ್ಷಾಂತರ ತತ್ತಿಗಳನ್ನು ಮಲದಲ್ಲಿ ಬಿಡುತ್ತದೆ. ತೇವದ ಮಣ್ಣಿನಲ್ಲಿ ಅವು ತಿಂಗಳುಗಟ್ಟಲೆ ಉಳಿದು ಮಳೆನೀರಿನಲ್ಲಿ ಕಡಲು ಸೇರುತ್ತವೆ. ಹವಾಯಿಯ ಅಳಿವಿನಂಚಿನ ಮಾಂಕ್ ಸೀಲ್‌ಗಳು ಈ ರೋಗದಿಂದ ಸತ್ತಿವೆ, ಅಲ್ಲಿನ ನೇನೆ ಹೆಬ್ಬಾತು ಮತ್ತು ಹವಾಯಿ ಕಾಗೆ ಕೂಡ.

ತತ್ತಿ ಸೋಂಕು ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಹಾಗಾಗಿ ಮರಳಿನ ತಟ್ಟೆಯನ್ನು ದಿನವೂ ತೆಗೆಯಿರಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಶೌಚಾಲಯಕ್ಕೆ ಹಾಕಬೇಡಿ, ಕ್ಲೋರಿನ್ನಿಗೆ ಈ ತತ್ತಿ ಜಗ್ಗುವುದಿಲ್ಲ. ಬಸುರಿಯರು ತಟ್ಟೆಯ ಕೆಲಸವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು.

ಪ್ರಶ್ನೆ: ಬೆಕ್ಕು ಹೋದ ಮೇಲೆ ಹಕ್ಕಿ ಎಷ್ಟು ದಿನಕ್ಕೆ ಬರುತ್ತದೆ?

ದಿನ ಅಲ್ಲ, ವರ್ಷ. ಅಸೆನ್ಷನ್‌ಗೆ 1815ರಲ್ಲಿ ಬೆಕ್ಕು ಬಂದ ಮೇಲೆ ಅಲ್ಲಿನದೇ ಆದ ಫ್ರಿಗೇಟ್ ಹಕ್ಕಿ ಮುಖ್ಯ ದ್ವೀಪ ಬಿಟ್ಟು, ಬೆಕ್ಕು ತಲುಪಲಾರದ ಪಕ್ಕದ ಬಂಡೆಗಡ್ಡೆಯೊಂದಕ್ಕೆ ಸರಿದಿತ್ತು. 2004ರಲ್ಲಿ ಕೊನೆಯ ಕಾಡುಬಿದ್ದ ಬೆಕ್ಕನ್ನು ತೆಗೆದರು, 2006ರಲ್ಲಿ ದ್ವೀಪ ಕಾಡುಬೆಕ್ಕುಗಳಿಂದ ಮುಕ್ತ ಎಂದು ಘೋಷಿಸಿದರು. ಬೂಬಿ, ಟ್ರಾಪಿಕ್‌ಬರ್ಡ್‌ಗಳು ಬೇಗನೆ ಮರಳಿ ಗೂಡು ಮಾಡಿದವು. ಫ್ರಿಗೇಟ್ ಹಕ್ಕಿ ಕಾದು ನೋಡಿತು. ಮುಖ್ಯ ದ್ವೀಪದ ನೆಲದಲ್ಲಿ ಅದರ ಗೂಡು ಮತ್ತೆ ಕಂಡದ್ದು 2012ರಲ್ಲಿ.

ಹುಟ್ಟಿದ ಜಾಗಕ್ಕೇ ಮರಳಿ ಮೊಟ್ಟೆ ಇಡುವುದು ಕಡಲಹಕ್ಕಿಗಳ ಸ್ವಭಾವ. ಒಂದು ದ್ವೀಪದಲ್ಲಿ ಆ ಜಾತಿ ಪೂರ್ತಿ ಅಳಿದಿದ್ದರೆ ‘ಇದು ನನ್ನ ಊರು’ ಎನ್ನುವ ಹಕ್ಕಿಯೇ ಉಳಿದಿರುವುದಿಲ್ಲ. ಅಂಥಲ್ಲಿ ಮರದ ಗೊಂಬೆಹಕ್ಕಿಗಳನ್ನು ನೆಟ್ಟು, ಬಿಲದಂಥ ಪೆಟ್ಟಿಗೆ ಹೂತು, ರಾತ್ರಿಯಿಡೀ ಧ್ವನಿವರ್ಧಕದಲ್ಲಿ ಆ ಜಾತಿಯ ಕೂಗು ಕೇಳಿಸುತ್ತಾರೆ, ಹಾದುಹೋಗುವ ಹರೆಯದ ಹಕ್ಕಿಯೊಂದು ಇಳಿದು ನೋಡಲಿ ಎಂದು.